ಎಂಟನೆಯ ಕ್ಲಾಸಿಗೇ ತಡವಾಯಿತೇ?

"ಮಾನ್ಯ ಸಂಪಾದಕರಿಗೆ ನಮಸ್ಕಾರ. ನನ್ನ ಮಗ ಈ ಜೂನ್‌ಗೆ ಎಂಟನೆಯ ಕ್ಲಾಸು, ಅಂದರೆ ಹೈಸ್ಕೂಲು. ಇಲ್ಲೇ ಅನುದಾನಿತ ಇಂಗ್ಲಿಷ್ ಮೀಡಿಯಂ ಶಾಲೆ. ಒಂದು ಕೋಚಿಂಗ್ ಕ್ಲಾಸಿನಲ್ಲಿ ವಿಚಾರಿಸಿದೆ. ಐಐಟಿ ಫೌಂಡೇಶನ್ ಅಂತೆ, ಹತ್ತನೆಯವರೆಗೆ 1 ಲಕ್ಷ 30 ಸಾವಿರ. 'ಆರನೆಯದರಲ್ಲೇ ಬರಬೇಕಿತ್ತು, ಈಗಲೇ ತಡವಾಗಿದೆ' ಎಂದರು. ಬ್ಯಾಚು ಭಾನುವಾರ ಬೆಳಿಗ್ಗೆ. ಅವನ ಯಕ್ಷಗಾನ ತರಗತಿಯೂ ಭಾನುವಾರ ಬೆಳಿಗ್ಗೆಯೇ. ನಾನು ಕುಂದಾಪುರದ ಕಡೆ ಕನ್ನಡ ಶಾಲೆಯಲ್ಲಿ ಓದಿದವಳು, ಇಂಗ್ಲಿಷಿನ ಗಣಿತ ಹೇಳಿಕೊಡಲು ನನಗೆ ಬರುವುದಿಲ್ಲ. ಎಫ್‌ಡಿ ಮುರಿಸೋಣ ಎನ್ನುತ್ತಾರೆ ಯಜಮಾನರು. ಮುಂದೆ ಒಳ್ಳೆಯ ಕಾಲೇಜು ಸಿಗಬೇಕಾದರೆ ಈಗ ಏನು ಮಾಡಬೇಕು? ಅಂದ ಹಾಗೆ, ಆ ಕ್ಲಾಸಿನ ಫೋನ್ ನಂಬರು ಸಿಕ್ಕಿದ್ದು ನಿಮ್ಮ ಪತ್ರಿಕೆಯ ಹಿಂಪುಟದಲ್ಲೇ."

— ಓದುಗಿ, ಡೊಂಬಿವಲಿ (ಮುಂಬಯಿ ಬಳಿ)

ತಾಯಿ, ನಿಮ್ಮ ಕೊನೆಯ ಸಾಲಿಗೆ ಕೊನೆಯಲ್ಲೇ ಉತ್ತರ ಕೊಡುತ್ತೇನೆ. ಅದು ಸರಿಯಾಗಿಯೇ ತಾಗಿದೆ.

ಮೊದಲು ಆ 'ತಡವಾಗಿದೆ' ಎಂಬ ಮಾತು. ಯಕ್ಷಗಾನ ಕಲಿಯುವ ಹುಡುಗ ಅಂದಿರಿ, ಹಾಗಾದರೆ ಸುಧನ್ವನ ಕಥೆ ಅವನಿಗೆ ಗೊತ್ತಿರುತ್ತದೆ, ಕೇಳಿ ನೋಡಿ. ಯುದ್ಧಕ್ಕೆ ಬರುವುದು ತಡವಾಯಿತು ಅಂತ ಹಂಸಧ್ವಜ ಸ್ವಂತ ಮಗನನ್ನೇ ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನೆ. ಎಷ್ಟು ತಡ? ಒಂದು ರಾತ್ರಿ. ಸುಧನ್ವ ದೇವರನ್ನು ನೆನೆದ, ಎಣ್ಣೆ ಅವನನ್ನು ಸುಡಲಿಲ್ಲ. ನಮ್ಮ ಮಕ್ಕಳಿಗೆ ಆ ಅನುಕೂಲ ಇಲ್ಲ. ಹದಿಮೂರು ವರ್ಷದ ಹುಡುಗನ ಮುಂದೆ ಕೂತು ಟೈ ಕಟ್ಟಿದ ಒಬ್ಬ ಕೌನ್ಸೆಲರ್ 'ನೀನು ಹಿಂದೆ ಬಿದ್ದಿದ್ದೀಯ' ಎನ್ನುತ್ತಾನಲ್ಲ, ಅದು ಆ ಹುಡುಗನಲ್ಲಿ ಎಷ್ಟು ದಿನ ಕುದಿಯುತ್ತದೋ.

ಹಾಗಾದರೆ ಕಾಲೇಜಿನವರು ಕೇಳುವುದಾದರೂ ಏನು? ಎಂಟನೆಯದರ ಅಂಕಪಟ್ಟಿಯನ್ನಂತೂ ಅಲ್ಲ. ಮಹಾರಾಷ್ಟ್ರದಲ್ಲಿ ಹನ್ನೊಂದನೆಯ ಆನ್‌ಲೈನ್ ಪ್ರವೇಶಕ್ಕೆ ಲೆಕ್ಕಕ್ಕೆ ಬರುವುದು ಹತ್ತನೆಯ ಎಸ್ಸೆಸ್ಸಿ ಅಂಕ, ಅದರಲ್ಲೂ ಆರು ವಿಷಯ ಬರೆದರೂ ಚೆನ್ನಾಗಿ ಬಂದ ಐದರದ್ದು, 500ಕ್ಕೆ. ಮುಂಬಯಿಯ ರುಯಿಯಾ ಕಾಲೇಜು ಇರಲಿ, ರೂಪಾರೇಲ್ ಇರಲಿ, ನಿಮ್ಮ ರೈಲ್ವೆ ಲೈನಿನವರು ಆಸೆಪಡುವ ಮುಲುಂಡಿನ ವಝೆ-ಕೇಳ್ಕರ್ ಇರಲಿ, ಮೆರಿಟ್ ಪಟ್ಟಿ ಅಂದರೆ ಅದೇ. ಆಮೇಲೆ ಇಂಜಿನಿಯರಿಂಗಿಗೆ ರಾಜ್ಯದ ಸಿಇಟಿ. ಅದರಲ್ಲಿ ಸುಮಾರು ಶೇ. 80 ಪ್ರಶ್ನೆ ಹನ್ನೆರಡನೆಯದರಿಂದ, ಶೇ. 20 ಹನ್ನೊಂದನೆಯದರಿಂದ. ಐಐಟಿಯ ದಾರಿಯ ಮೊದಲ ಪ್ರವೇಶ ಪರೀಕ್ಷೆ ಜೆಇಇ ಮೇನ್ ಅಂದರೆ ಮೂರು ಗಂಟೆಯಲ್ಲಿ 75 ಪ್ರಶ್ನೆ, 300 ಅಂಕ, ಅದೂ ಹನ್ನೊಂದು-ಹನ್ನೆರಡರ ಪಾಠದ ಮೇಲೆಯೇ. ಎಂಟನೆಯ ಕ್ಲಾಸಿನ ಬಾಗಿಲಿನಿಂದ ಅಲ್ಲಿಗೆ ಐದು ವರ್ಷ ಇದೆ ತಾಯಿ. ನಿಮ್ಮ ಮಗನಿಗೆ ಇನ್ನೂ ಮೀಸೆ ಬಂದಿಲ್ಲ.

ಕ್ಲಾಸುಗಳ ಮೇಲೆ ನನಗೆ ಹಗೆಯಿಲ್ಲ. ಹನ್ನೊಂದು-ಹನ್ನೆರಡರಲ್ಲಿ ಒಳ್ಳೆಯ ಕ್ಲಾಸು ಸಿಕ್ಕಿ ದಾರಿಯಾದ ಹುಡುಗರನ್ನು ನಾನೂ ನೋಡಿದ್ದೇನೆ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳಿಗೆ ಯಾರಾದರೂ ಬೇಕಲ್ಲವೇ. ನಿಮ್ಮ ಯಜಮಾನರ ಚಿಂತೆಯೂ ಸುಮ್ನೆ ಬಂದದ್ದಲ್ಲ. ಅಷ್ಟು ಒಪ್ಪಿದೆ. ಆದರೆ 2024ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯವೇ ಒಂದು ಮಾರ್ಗಸೂಚಿ ಹೊರಡಿಸಿತು: 16 ವರ್ಷ ತುಂಬದವರನ್ನು ಕೋಚಿಂಗ್‌ಗೆ ಸೇರಿಸಿಕೊಳ್ಳಬಾರದು, ಹತ್ತನೆಯ ಪರೀಕ್ಷೆ ಮುಗಿದ ಮೇಲೆಯೇ ಸೇರಿಸಬೇಕು. ನಿಮ್ಮ ಮಗನಿಗೆ ಹದಿಮೂರು. ಇನ್ನೊಂದು ಸಲ ಆ ಕ್ಲಾಸಿಗೆ ಹೋದರೆ ಇದನ್ನು ಮೆಲ್ಲಗೆ ಕೇಳಿ ನೋಡಿ. 'ಇದು ಕೋಚಿಂಗ್ ಅಲ್ಲ ಮೇಡಂ, ಫೌಂಡೇಶನ್' ಎನ್ನುತ್ತಾರೆ. ಫೌಂಡೇಶನ್ ಅಂದರೆ ಪಾಯ. ಪಾಯ ಹಾಕುವ ಕೆಲಸ ಶಾಲೆಯದಲ್ವಾ? ಆ ಶಾಲೆಗೆ ನೀವು ಆಗಲೇ ಫೀಸು ಕಟ್ಟಿಲ್ಲವೇ?

ಇನ್ನು ನನ್ನ ಹಳೆಯ ಹಾಡು. ಖಾಯಂ ಓದುಗರು ಈ ಪ್ಯಾರಾ ದಾಟಿಕೊಂಡು ಹೋಗಬಹುದು, ಮೂರನೆಯ ಸಲವೋ ನಾಲ್ಕನೆಯ ಸಲವೋ ಹೇಳುತ್ತಿದ್ದೇನೆ. ನಾನು ಮುಂಬಯಿಯ ಫೋರ್ಟಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸಿಕೊಂಡು ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವನು. ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ಆಗ ನಮ್ಮ ಕಡೆಯ ನೂರಾರು ಹುಡುಗರು ಹಾಗೆಯೇ ಓದಿದ್ದು. ದೊಡ್ಡಸ್ತಿಕೆ ಇಲ್ಲ ಎನ್ನಲು ಇನ್ನೊಂದು ಕಾರಣವೂ ಇದೆ. ನಾನು ಓದಿದ್ದು ಗೈಡು. ಗೈಡಿನಲ್ಲಿದ್ದ ಪ್ರಶ್ನೆ, ಗೈಡಿನಲ್ಲಿದ್ದ ಉತ್ತರ, ಕಣ್ಣು ಮುಚ್ಚಿ ಬಾಯಿಪಾಠ. ಫಸ್ಟ್ ಕ್ಲಾಸ್ ಬಂತು. ಊರಿಗೆ ಕಾಗದ ಬರೆದೆ, ಮಾಲೀಕರು ಎಲ್ಲರಿಗೂ ಪೇಡೆ ಹಂಚಿದರು. ಕಾಲೇಜು ಸೇರಿದ ಮೊದಲ ವಾರ ಒಬ್ಬ ಪ್ರೊಫೆಸರು ಪುಸ್ತಕದ ಅರ್ಧ ಪುಟ ತೋರಿಸಿ, 'ಓದು, ಇದರಲ್ಲಿ ಏನಿದೆ ಅಂತ ನಿನ್ನ ಮಾತಿನಲ್ಲಿ ಹೇಳು' ಎಂದರು. ಓದಿದೆ. ಏನೂ ಹೇಳಲು ಬರಲಿಲ್ಲ. ಇಂಗ್ಲಿಷಿನಲ್ಲಿ ಬರಲಿಲ್ಲ ಅಂದರೆ ಸಂಕೋಚ ಅನ್ನಬಹುದಿತ್ತು, ಮನಸ್ಸಿನೊಳಗೆ ಕನ್ನಡದಲ್ಲಿಯೂ ಬರಲಿಲ್ಲ. ಆ ವರ್ಷ ಫೇಲಾದೆ. ತಪ್ಪು ಪ್ರೊಫೆಸರರದೂ ಅಲ್ಲ, ರಾತ್ರಿ ಶಾಲೆಯದೂ ಅಲ್ಲ. ನನಗೆ ಓದಲು ಬರುತ್ತಿರಲಿಲ್ಲ, ಅಷ್ಟೇ.

ಆಮೇಲೆ ಓದು ಕಲಿಸಿದವರು ಗಲ್ಲಾದ ಮೇಲೆ ಕೂರುತ್ತಿದ್ದ ಅದೇ ಮಾಲೀಕರು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಪೇಪರು ಕೊಟ್ಟು ಒಂದು ಸುದ್ದಿ ಓದಿಸುವರು, ಆಮೇಲೆ ಪೇಪರು ಕಸಿದುಕೊಂಡು 'ಈಗ ಹೇಳು' ಎನ್ನುವರು. ತಪ್ಪಿದರೆ ಮರುದಿನ ಎರಡು ಸುದ್ದಿ. ಒಂದು ವರ್ಷ ಇದೇ ನಡೆಯಿತು.

ನೀವು ಕೇಳಿದ 'ಕಾಲೇಜಿನ ತಯಾರಿ' ನನ್ನ ಪ್ರಕಾರ ಇದೇ. ಎಂಟನೆಯ ಕ್ಲಾಸಿನ ಹುಡುಗ ಒಂದು ಪುಟವನ್ನು ಒಬ್ಬನೇ ಕೂತು ಓದಿ, ಪುಸ್ತಕ ಮುಚ್ಚಿ, ಅಮ್ಮನಿಗೆ ಅರ್ಥವಾಗುವಂತೆ ಹೇಳಬೇಕು. ಅದು ವಿಜ್ಞಾನದ ಪಾಠ ಆಗಬಹುದು, ಇತಿಹಾಸ ಆಗಬಹುದು, ಕ್ರಿಕೆಟ್ ವರದಿಯೂ ಆಗಬಹುದು. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಸ್ನೇಹಿತರೊಬ್ಬರಿದ್ದಾರೆ, ಸಿಕ್ಕಾಗೆಲ್ಲ ಒಂದೇ ದೂರು: ಹುಡುಗರಿಗೆ ಲೆಕ್ಕ ಬರುತ್ತದೆ, ಲೆಕ್ಕದ ಪ್ರಶ್ನೆ ಮೂರು ಸಾಲು ದಾಟಿದರೆ ಓದಲು ಬರುವುದಿಲ್ಲ.

ಈಗ ನಿಮ್ಮನ್ನು ಸ್ವಲ್ಪ ಗದರಿಸಬೇಕು. 'ಇಂಗ್ಲಿಷಿನ ಗಣಿತ ಹೇಳಿಕೊಡಲು ಬರುವುದಿಲ್ಲ' ಎಂದು ಬರೆದಿರಲ್ಲ, ಗಣಿತದಲ್ಲಿ ಇಂಗ್ಲಿಷಿನದು, ಕನ್ನಡದ್ದು ಅಂತ ಬೇರೆ ಬೇರೆ ಇದೆಯೇ? ಪುಣೆಯ ಬಾಲಭಾರತಿ ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಎಂಟು ಭಾಷೆಗಳಲ್ಲಿ ತರುತ್ತದೆ. ಅದರಲ್ಲಿ ಕನ್ನಡವೂ ಒಂದು! ಜತ್, ಅಕ್ಕಲಕೋಟೆ, ಸೊಲ್ಲಾಪುರದ ಕಡೆಯ ಕನ್ನಡ ಶಾಲೆಗಳ ಮಕ್ಕಳು ಓದುವುದು ಅದನ್ನೇ. ಪಾಠ ಅದೇ, ಲೆಕ್ಕ ಅದೇ, ಚಿತ್ರವೂ ಅದೇ. ಬಾಲಭಾರತಿಯ ತಾಣದಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಎಂಟನೆಯ ಗಣಿತ ಮತ್ತು ವಿಜ್ಞಾನ ಎರಡನ್ನೂ ಕನ್ನಡದಲ್ಲಿ ಇಳಿಸಿಕೊಳ್ಳಿ, ಅವನ ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿ ಇಟ್ಟುಕೊಳ್ಳಿ. ನೀವು ಕನ್ನಡದಲ್ಲಿ ಓದಿ, ಅವನು ಇಂಗ್ಲಿಷಿನಲ್ಲಿ ಓದಲಿ, ನಿಮಗೆ ಅವನು ಹೇಳಲಿ. ಅವನು ತಪ್ಪಿದರೆ ನಿಮಗೆ ಗೊತ್ತಾಗುತ್ತದೆ, ನೀವು ತಪ್ಪಿದರೆ ಅವನಿಗೆ ಖುಷಿಯಾಗುತ್ತದೆ. ಮುಂಬಯಿಯಲ್ಲಿ ಇಷ್ಟು ಕನ್ನಡ ಮನೆಗಳಿವೆ, ಇದು ಎಷ್ಟು ಜನರಿಗೆ ಗೊತ್ತು? ನನ್ನ ತಪ್ಪೂ ಇದೆ, ಇದನ್ನು ಪತ್ರಿಕೆಯಲ್ಲಿ ಮೊದಲೇ ಬರೆಯಬೇಕಿತ್ತು.

ಗಣಿತದಲ್ಲಿ ಮಾತ್ರ ಈ ವರ್ಷ ಮೈಗಳ್ಳತನ ಬೇಡ. ಬೀಜಗಣಿತದ ಸೂತ್ರಗಳು, ಅಪವರ್ತನ, ಸಮಾಂತರ ರೇಖೆ, ತ್ರಿಭುಜಗಳ ಸರ್ವಸಮತೆ, ಇವೆಲ್ಲ ಬರುವುದು ಎಂಟರಲ್ಲೇ. ಅಪವರ್ತನ ಇಲ್ಲಿ ಕೈ ಹತ್ತದಿದ್ದರೆ ಹತ್ತರಲ್ಲಿ ವರ್ಗ ಸಮೀಕರಣ ಬಂದಾಗ ಒದ್ದಾಡುತ್ತಾನೆ, ಹನ್ನೊಂದರಲ್ಲಿ ಫಿಸಿಕ್ಸೂ ಕೈಕೊಡುತ್ತದೆ. ದಿನಕ್ಕೆ ಐದು ಲೆಕ್ಕ ಸಾಕು. ಉತ್ತರ ನೋಡದೆ, ಅಳಿಸಿ ಬರೆದು, ಸಿಟ್ಟು ಬಂದು ಪೆನ್ಸಿಲ್ ಬಿಸಾಡಿ, ಮತ್ತೆ ಬಂದು ಕೂತು.

ಚಕ್ರಬಡ್ಡಿಯೂ ಎಂಟರಲ್ಲೇ ಬರುತ್ತದೆ. ಅವನಿಗೆ ಮೊದಲ ಲೆಕ್ಕ ನಾನೇ ಕೊಡುತ್ತೇನೆ. 1 ಲಕ್ಷ 30 ಸಾವಿರ ರೂಪಾಯಿಯ ಎಫ್‌ಡಿ ಮುರಿಸದೆ ವರ್ಷಕ್ಕೆ ಶೇ. 8ರ ಚಕ್ರಬಡ್ಡಿಯಲ್ಲಿ ಇಟ್ಟರೆ, ಹನ್ನೆರಡನೆಯ ಪರೀಕ್ಷೆ ಮುಗಿಯುವ ಹೊತ್ತಿಗೆ, ಅಂದರೆ ಐದು ವರ್ಷಕ್ಕೆ ಎಷ್ಟಾಗುತ್ತದೆ? ನಾನು ಮಾಡಿ ನೋಡಿದೆ, 1 ಲಕ್ಷ 91 ಸಾವಿರ ಚಿಲ್ಲರೆ. ನಿಮ್ಮ ಬ್ಯಾಂಕು ಅಷ್ಟು ಬಡ್ಡಿ ಕೊಡದಿದ್ದರೆ ಬ್ಯಾಂಕಿನ ದರ ಹಾಕಿ ಮಾಡಲಿ. ಹುಡುಗ ಆ ಲೆಕ್ಕವನ್ನು ಅಪ್ಪನ ಮುಂದೆ ಇಡಲಿ, ನೀವು ಬಾಯಿ ತೆರೆಯುವುದೇ ಬೇಡ.

ದುಡ್ಡು ಕೇಳುವವರ ಬಗ್ಗೆ ಇಷ್ಟು ಹೇಳಿದ ಮೇಲೆ ದುಡ್ಡು ಕೊಡುವ ಪರೀಕ್ಷೆಯೊಂದರ ಬಗ್ಗೆಯೂ ಹೇಳಬೇಕು. ಎನ್‌ಎಂಎಂಎಸ್ ಅಂತ ಇದೆ, ಎಂಟನೆಯ ಮಕ್ಕಳಿಗೇ ಇರುವ ಕೇಂದ್ರ ಸರಕಾರದ ಸ್ಕಾಲರ್‌ಶಿಪ್. ಸರಕಾರಿ, ಅನುದಾನಿತ, ನಗರಪಾಲಿಕೆ ಶಾಲೆಯ ಮಕ್ಕಳಿಗೆ, ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ಮೀರದಿದ್ದರೆ. ಏಳನೆಯದರಲ್ಲಿ ಶೇ. 55 ಇರಬೇಕು. ತೇರ್ಗಡೆಯಾಗಿ ಪಟ್ಟಿಯಲ್ಲಿ ಬಂದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000. ನಿಮ್ಮದು ಅನುದಾನಿತ ಶಾಲೆ, ಆದಾಯ ಅಷ್ಟರೊಳಗಿದ್ದರೆ ಶಾಲೆ ತೆರೆದ ವಾರವೇ ಹೆಡ್ ಮೇಡಮ್ಮನ್ನು ಕೇಳಿ. ಆದಾಯ ಜಾಸ್ತಿಯಿದ್ದರೂ ಅದರ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲಿ, ಬುದ್ಧಿಗೆ ಒಳ್ಳೆಯ ಕಸರತ್ತು. ಕೈ ಚೆನ್ನಾಗಿದ್ದರೆ ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗೂ ಕೂರಲಿ, ಎಸ್ಸೆಸ್ಸಿಯಲ್ಲಿ ಅದಕ್ಕೆ ಒಂದಷ್ಟು ಹೆಚ್ಚುವರಿ ಅಂಕ ಇದೆ.

ಭಾನುವಾರದ ಯಕ್ಷಗಾನ ಬಿಡಿಸಬೇಡಿ. ದಯವಿಟ್ಟು. ಇದು ಸಂಸ್ಕೃತಿ ಉಳಿಸುವ ಭಾಷಣ ಅಂದುಕೊಳ್ಳಬೇಡಿ, ಆ ಭಾಷಣ ಮಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾನು ಹೇಳುವುದು ಕಾಲೇಜಿನ ಲಾಭದ ಮಾತೇ. ಭಾಗವತರು ಪದ ಹೇಳುತ್ತಾರೆ, ಹುಡುಗ ಅದರ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಬೇಕು. ಎದುರಿನವನು ಸವಾಲು ಹಾಕುತ್ತಾನೆ, ಇವನು ಅಲ್ಲೇ ನಿಂತು ಜವಾಬು ಕೊಡಬೇಕು. ಮೊದಮೊದಲು ಗುರುಗಳು ಬರೆದುಕೊಟ್ಟದ್ದನ್ನೇ ಒಪ್ಪಿಸುತ್ತಾರೆ, ನಿಜ. ಎರಡು-ಮೂರು ವರ್ಷ ಕಳೆದ ಮೇಲೆ ಒಂದು ದಿನ ಎದುರಿನ ಹುಡುಗ ಮಾತು ಮರೆಯುತ್ತಾನೆ, ಆಗ ನಿಮ್ಮ ಮಗ ಬರೆಯದೇ ಇದ್ದ ಒಂದು ಮಾತನ್ನು ತಾನೇ ಹುಟ್ಟಿಸಿ ಆಡುತ್ತಾನೆ ನೋಡಿ. ಆ ಪ್ರೊಫೆಸರು ನನ್ನನ್ನು ಕೇಳಿದ್ದೂ ಅದನ್ನೇ. ಅದಕ್ಕೆ ತಿಂಗಳ ಫೀಸು ಎಷ್ಟು? ಇಲ್ಲಿನ ಹೆಚ್ಚಿನ ಕನ್ನಡ ಸಂಘಗಳಲ್ಲಿ ಪುಕ್ಕಟೆ, ಮೇಲೆ ಒಂದು ಪ್ಲೇಟ್ ಇಡ್ಲಿ.

ಆದರೆ ನಮ್ಮ ಸಂಘಗಳೇನು ಮಾಡುತ್ತಿವೆ? ಮಳೆಗಾಲ ಬಂತೆಂದರೆ ಪ್ರತಿಭಾ ಪುರಸ್ಕಾರ. ಶೇ. 90 ದಾಟಿದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಶಾಲು, ಹೂಗುಚ್ಛ, ಫೋಟೋ. ಶೇ. 62 ತೆಗೆದ ಹುಡುಗ ಹಿಂದಿನ ಸಾಲಿನಲ್ಲಿ ಅಮ್ಮನ ಪಕ್ಕ ಕೂತು ಎರಡು ಗಂಟೆ ಚಪ್ಪಾಳೆ ತಟ್ಟಬೇಕು. ಅವನು ವರ್ಷಪೂರ್ತಿ ಹೋಟೆಲಿನಲ್ಲಿ ಅಪ್ಪನಿಗೆ ನೆರವಾಗಿರಬಹುದು, ಚೆಂಡೆ ಬಾರಿಸಿರಬಹುದು, ಯಾರಿಗೆ ಬೇಕು ಅದು. ನಾನೂ ಎಷ್ಟೋ ವೇದಿಕೆ ಹತ್ತಿ ಅದೇ ಮಾತಾಡಿ ಶಾಲು ಹೊದ್ದು ಬಂದಿದ್ದೇನೆ. ಜುಲೈ ಸಂಚಿಕೆ ತೆಗೆದು ನೋಡಿ, ಎಂಟು ಪುಟ ಬರೀ ಅದೇ ಫೋಟೋ.

ಇನ್ನು ಹನ್ನೊಂದನೆಯದರ 'ಇಂಟಿಗ್ರೇಟೆಡ್' ವ್ಯವಹಾರ. ಹೆಸರಿಗೆ ಕಾಲೇಜಿನಲ್ಲಿ ಪ್ರವೇಶ, ಇಡೀ ದಿನ ಕ್ಲಾಸಿನಲ್ಲಿ. ಮಗು ಲ್ಯಾಬು ನೋಡಿರುವುದಿಲ್ಲ, ಲೈಬ್ರರಿ ನೋಡಿರುವುದಿಲ್ಲ, ಕ್ಯಾಂಟೀನಿನ ಸಮೋಸಾ ಕೂಡ ತಿಂದಿರುವುದಿಲ್ಲ. 2018ರಲ್ಲಿ ಮಹಾರಾಷ್ಟ್ರ ಸರಕಾರ ದೊಡ್ಡ ಊರುಗಳ ಜೂನಿಯರ್ ಕಾಲೇಜುಗಳ ಸೈನ್ಸ್ ಮಕ್ಕಳಿಗೆ ಬಯೋಮೆಟ್ರಿಕ್ ಹಾಜರಿ ಕಡ್ಡಾಯ ಮಾಡಿತು, ಬೆರಳು ಒತ್ತಬೇಕು ಅಂತ. ಮಕ್ಕಳನ್ನು ಕಾಲೇಜಿಗೆ ಬರಿಸಲು ಬೆರಳಚ್ಚು ಬೇಕಾಗಿ ಬಂತಲ್ಲ! ನಾವು 'ಕಾಲೇಜು, ಕಾಲೇಜು' ಅಂತ ಐದು ವರ್ಷ ಮೊದಲೇ ಓಡುತ್ತೇವೆ, ಅಲ್ಲಿ ಹೋದ ಮೇಲೆ ಕಾಲೇಜಿಗೇ ಹೋಗುವುದಿಲ್ಲ.

ಈಗ ನಿಮ್ಮ ಕೊನೆಯ ಸಾಲು. ಹೌದು, ಜಾಹೀರಾತು ನಮ್ಮ ಹಿಂಪುಟದಲ್ಲೇ ಬಂದಿತ್ತು, ಮೂರು ಬಣ್ಣದಲ್ಲಿ. ಅದರ ದುಡ್ಡಿನಲ್ಲಿ ಎರಡು ಸಂಚಿಕೆಯ ಕಾಗದದ ಬಿಲ್ಲು ತೀರುತ್ತದೆ. ಚಂದಾದಾರರು ಎಷ್ಟು ಜನ ಹಣ ನವೀಕರಿಸುತ್ತಾರೆ ಅಂತ ನಮ್ಮ ಮ್ಯಾನೇಜರನ್ನು ಕೇಳಿದರೆ ಅವರು ಮೇಲೆ ಫ್ಯಾನು ನೋಡುತ್ತಾರೆ. ಇದೇ ಉತ್ತರ ಬರೆಯುತ್ತಾ ಕೂತಿದ್ದಾಗ ಅವರು ಬಂದು, ಅದೇ ಕ್ಲಾಸಿನವರು ಜೂನ್ ಸಂಚಿಕೆಯ ಹಿಂಪುಟಕ್ಕೂ ಚೆಕ್ಕು ಕಳಿಸಿದ್ದಾರೆ ಎಂದರು. ಮೇಜಿನ ಮೇಲೆ ಒಂದು ಕಡೆ ನಿಮ್ಮ ಪತ್ರ, ಇನ್ನೊಂದು ಕಡೆ ಆ ಚೆಕ್ಕು. ಇನ್ನೂ ಬ್ಯಾಂಕಿಗೆ ಹಾಕಿಲ್ಲ.