ಸಿಡ್ನಿಯಿಂದ ಕ್ವಾಲಾಲಂಪುರಕ್ಕೆ ಹೊರಟ ವಿಮಾನ ಮೆಲ್ಬರ್ನ್‌ನಲ್ಲಿ ಇಳಿದದ್ದು ಹೇಗೆ? ಅದರಲ್ಲಿ ಜಿಪಿಎಸ್ ಇರಲಿಲ್ಲವೇ?

ನೀವು ಕೇಳುತ್ತಿರುವುದು 2015ರ ಮಾರ್ಚ್ 10ರಂದು ಏರ್‌ಏಷ್ಯಾ ಎಕ್ಸ್ ಸಂಸ್ಥೆಯ ಏರ್‌ಬಸ್ ಎ330 ವಿಮಾನದ ಹಾರಾಟದಲ್ಲಿ ನಡೆದ ಘಟನೆಯ ಬಗ್ಗೆ. ಪೈಲಟ್ ದಾರಿ ತಪ್ಪಿ ಬೇರೆ ಊರಿಗೆ ಹೋಗಿಬಿಟ್ಟ ಎಂಬಂತೆ ಆ ಸುದ್ದಿ ಲೋಕವೆಲ್ಲ ಹರಡಿತು. ನಿಮ್ಮ ಪ್ರಶ್ನೆಯ ಧಾಟಿಯೂ ಅದೇ ಆಗಿದೆ. ವಿಮಾನಗಳ ಪಥದರ್ಶಕ ಉಪಕರಣಗಳ ನಿರ್ವಹಣೆ ನನ್ನ ಉದ್ಯೋಗವಾದ್ದರಿಂದ, ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಸಂಸ್ಥೆ 2016ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ತನಿಖಾ ವರದಿಯನ್ನು ಗಮನವಿಟ್ಟು ಓದಿದ್ದೇನೆ. ವಿಮಾನ ಮೆಲ್ಬರ್ನ್‌ಗೆ ಹೋದದ್ದು ಎಲ್ಲರಿಗೂ ತಿಳಿದೇ, ನಿಯಂತ್ರಣ ಕೇಂದ್ರದ ನೆರವಿನಿಂದಲೇ. ಯಾರ ಅರಿವಿಗೂ ಬಾರದೆ ಆದದ್ದು ಬೇರೆ, ಅದೂ ವಿಮಾನ ಸಿಡ್ನಿಯ ಗೇಟಿನಿಂದ ಕದಲುವ ಮೊದಲೇ.

ಸಾಮಾನ್ಯವಾಗಿ ಹೊರಡುವ ಮುನ್ನ ಕ್ಯಾಪ್ಟನ್ ಕೆಳಗಿಳಿದು ವಿಮಾನವನ್ನು ಸುತ್ತಿ ನೋಡುವುದು, ಸಹ ಪೈಲಟ್ ಕಾಕ್‌ಪಿಟ್‌ನಲ್ಲಿ ಕುಳಿತು ಪ್ರಯಾಣದ ವಿವರಗಳನ್ನು ಕಂಪ್ಯೂಟರಿಗೆ ತುಂಬುವುದು ಅವರಲ್ಲಿದ್ದ ರೂಢಿ. ಅಂದು ಹೊರಗಿನ ಗದ್ದಲದಿಂದ ಕಾಪಾಡುವ ಕಿವಿರಕ್ಷಕ ಕ್ಯಾಪ್ಟನ್ನರಿಗೆ ಲಭ್ಯವಿರಲಿಲ್ಲವಾಗಿ ಇಬ್ಬರೂ ಕೆಲಸ ಬದಲಾಯಿಸಿಕೊಂಡರು. ಕಿಟಕಿಯಿಂದ ಕಾಣುವ ಗೇಟಿನ ಫಲಕದಲ್ಲಿ ಆ ಸ್ಥಳದ ಅಕ್ಷಾಂಶ ರೇಖಾಂಶಗಳು ಬರೆದಿದ್ದವು. ರೇಖಾಂಶ 151 ಡಿಗ್ರಿ 9.8 ನಿಮಿಷ ಪೂರ್ವ. ಅಂದರೆ ಒತ್ತಬೇಕಾಗಿದ್ದದ್ದು 15109.8 (ಮೊದಲ ಮೂರು ಅಂಕಿ ಡಿಗ್ರಿ, ಉಳಿದದ್ದು ನಿಮಿಷ). ಒತ್ತಿದ್ದು 01519.8. ಹೀಗಾಗಿ ವಿಮಾನವು 15 ಡಿಗ್ರಿ 19.8 ನಿಮಿಷ ಪೂರ್ವದಲ್ಲಿ, ಎಂದರೆ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಸಮೀಪದಲ್ಲಿ ನಿಂತಿದೆ ಎಂದು ಕಂಪ್ಯೂಟರು ತಿಳಿದುಕೊಂಡಿತು. ವ್ಯತ್ಯಾಸ 11,000 ಕಿಲೋಮೀಟರಿಗೂ ಹೆಚ್ಚು.

ಇಷ್ಟು ದೊಡ್ಡ ತಪ್ಪನ್ನು ಯಂತ್ರ ತಾನೇ ಏಕೆ ಹಿಡಿಯಲಿಲ್ಲ ಎಂಬುದು ಸಹಜವಾದ ಮುಂದಿನ ಪ್ರಶ್ನೆ, ಮತ್ತು ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಸ್ವಾರಸ್ಯಕರ ಭಾಗ. ಇಂತಹ ವಿಮಾನದಲ್ಲಿ ಜಡತ್ವವನ್ನು ಆಧರಿಸಿದ ಮೂರು ಪಥದರ್ಶಕ ಘಟಕಗಳಿರುತ್ತವೆ. ಅವುಗಳೊಳಗಿನ ಲೇಸರ್ ಗೈರೋಸ್ಕೋಪುಗಳು ತಿರುವನ್ನೂ, ವೇಗೋತ್ಕರ್ಷ ಮಾಪಕಗಳು ವೇಗದ ಏರಿಳಿತವನ್ನೂ ಅಳೆದು, ಆರಂಭದ ಸ್ಥಾನದಿಂದ ವಿಮಾನ ಎಷ್ಟು ದೂರ, ಯಾವ ದಿಕ್ಕಿಗೆ ಸಾಗಿದೆ ಎಂದು ಸತತವಾಗಿ ಲೆಕ್ಕ ಹಾಕುತ್ತವೆ. ಆದರೆ ಆ ಆರಂಭದ ಸ್ಥಾನವನ್ನು ಹೊರಗಿನಿಂದ ಯಾರಾದರೂ ಹೇಳಿಕೊಡಬೇಕು. ವಿಮಾನ ನೆಲದ ಮೇಲೆ ಅಲುಗದೆ ನಿಂತಿರುವಾಗ ನಡೆಯುವ ಅಲೈನ್‌ಮೆಂಟ್ ಎಂಬ ಹಂತದಲ್ಲಿ ಗೈರೋಗಳು ಭೂಮಿ ತನ್ನ ಅಕ್ಷದ ಸುತ್ತ ತಿರುಗುವುದನ್ನೇ ಗ್ರಹಿಸಿ ನಿಜವಾದ ಉತ್ತರ ದಿಕ್ಕನ್ನು ಕಂಡುಕೊಳ್ಳುತ್ತವೆ. ಅದರಿಂದಲೇ ಅಕ್ಷಾಂಶವನ್ನೂ ಅಂದಾಜು ಮಾಡಬಲ್ಲವು. ಹಾಗಾಗಿ ಅಕ್ಷಾಂಶದಲ್ಲಿ ದೊಡ್ಡ ತಪ್ಪಾದರೆ ಉಪಕರಣಕ್ಕೆ ಗೊತ್ತಾಗುತ್ತದೆ. ರೇಖಾಂಶ ಮಾತ್ರ ಅದರ ಅರಿವಿಗೆ ನಿಲುಕುವುದಿಲ್ಲ, ಏಕೆಂದರೆ ಒಂದೇ ಅಕ್ಷಾಂಶದ ಯಾವ ಊರಿನಲ್ಲಿ ನಿಂತು ನೋಡಿದರೂ ಭೂಮಿ ತಿರುಗುವ ಬಗೆ ಒಂದೇ. ಸಿಡ್ನಿ ಮತ್ತು ಕೇಪ್‌ಟೌನ್ ಎರಡೂ ಹೆಚ್ಚುಕಡಿಮೆ 34 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿವೆ. ತಪ್ಪಾದ ಅಂಕಿ ಬಿದ್ದದ್ದು ಯಂತ್ರಕ್ಕೆ ಕಣ್ಣಿಲ್ಲದ ಕಡೆಗೇ.

ಮೂರು ಘಟಕಗಳನ್ನು ಇಟ್ಟಿರುವುದು ಒಂದು ಕೆಟ್ಟರೆ ಉಳಿದೆರಡು ಅದನ್ನು ಹೊರಗಿಡಲಿ ಎಂದು. ಇಲ್ಲಿ ಒಂದೇ ಸಲ ಒತ್ತಿದ ಅಂಕಿ ಮೂರಕ್ಕೂ ಹೋಯಿತು. ಒಬ್ಬನೇ ಹೇಳಿಕೊಟ್ಟ ಮೂವರು ಸಾಕ್ಷಿಗಳಂತೆ ಅವು ಒಂದನ್ನೊಂದು ಅನುಮೋದಿಸುತ್ತ ಹೋದವು.

ಇನ್ನು ಜಿಪಿಎಸ್. ಅದು ಆ ಕಾಲದ ವಿಮಾನಗಳಲ್ಲಿ ಇದ್ದೇ ಇತ್ತು, ಆದರೆ ಜಿಪಿಎಸ್ ಇರುವುದು ಬೇರೆ, ಆರಂಭದ ಸ್ಥಾನವನ್ನು ಅದರಿಂದಲೇ ಪಡೆಯುವಂತೆ ಕಂಪ್ಯೂಟರನ್ನು ಹೊಂದಿಸಿರುವುದು ಬೇರೆ. ಇಂತಹ ತಪ್ಪು ನಮೂದನ್ನು ತಡೆಯಬಲ್ಲ ಉನ್ನತೀಕರಿಸಿದ ಹಾರಾಟ ನಿರ್ವಹಣಾ ವ್ಯವಸ್ಥೆ ಲಭ್ಯವಿದ್ದರೂ ಈ ವಿಮಾನಕ್ಕೆ ಅಳವಡಿಸಿರಲಿಲ್ಲ ಎಂದು ವರದಿ ಸ್ಪಷ್ಟವಾಗಿ ಹೇಳುತ್ತದೆ. ಪತ್ರಿಕೆಗಳು ಬೆರಳು ತಪ್ಪಿದ ಕ್ಯಾಪ್ಟನ್ನರನ್ನು ಹಿಡಿದುಕೊಂಡಷ್ಟು ಈ ಮಾತನ್ನು ಹಿಡಿದುಕೊಳ್ಳಲಿಲ್ಲ. ಹಾಗೆಂದು ಸಿಬ್ಬಂದಿಯ ಲೋಪವನ್ನು ನಾನು ಮುಚ್ಚುತ್ತಿಲ್ಲ: ಇಬ್ಬರೂ ಪರಸ್ಪರ ತಾಳೆ ನೋಡಬೇಕಾದ ಹಂತಗಳಲ್ಲಿ ತಪ್ಪು ಜಾರಿಹೋಯಿತು, ಎಚ್ಚರಿಕೆಯ ಸದ್ದುಗಳು ಹಲವು ಬಾರಿ ಕೇಳಿಬಂದವು, ನೆಲ ಸಮೀಪಿಸುತ್ತಿದೆ ಎಂಬ ಸೂಚನೆಯೂ ಬಂತು, ಆದರೂ ಅವುಗಳ ಮೂಲವನ್ನು ಹುಡುಕದೆ ವಿಮಾನ ಮೇಲೇರಿತು.

ಏರಿದ ಕೆಲವೇ ನೂರು ಅಡಿಗಳಲ್ಲಿ ಆಟೋಪೈಲಟ್ ಚಾಲನೆಗೊಂಡಿತು. ಆಫ್ರಿಕಾದಲ್ಲಿದ್ದೇನೆಂದು ನಂಬಿದ ಕಂಪ್ಯೂಟರು ನಿಗದಿತ ಪಥವನ್ನು ಸೇರಿಕೊಳ್ಳಲು ವಿಮಾನವನ್ನು ಎಡಕ್ಕೆ ತಿರುಗಿಸಿತು. ಅಲ್ಲಿ ಪಕ್ಕದ ಸಮಾನಾಂತರ ರನ್‌ವೇಯಿಂದ ಏರುವ ವಿಮಾನಗಳ ದಾರಿಯಿದೆ. ಇದು ಆ ದಾರಿಯನ್ನು ಅಡ್ಡಹಾಯ್ದಿತು. ನನ್ನ ದೃಷ್ಟಿಯಲ್ಲಿ ಇಡೀ ಹಾರಾಟದ ನಿಜವಾದ ಅಪಾಯದ ಗಳಿಗೆ ಇದು, ಮೆಲ್ಬರ್ನ್ ಅಲ್ಲ. ನಿಯಂತ್ರಕರು ಪಥ ತಪ್ಪಿದ್ದನ್ನು ಗಮನಿಸಿ ತಿಳಿಸಿದರು. ಕಾಂತೀಯ ದಿಕ್ಸೂಚಿಯ ಪರದೆಯೂ ಇಂತಹ ಸಂದರ್ಭದಲ್ಲಿ ನೆರವಾಗುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು: ನಿಜ ಉತ್ತರಕ್ಕೂ ಕಾಂತೀಯ ಉತ್ತರಕ್ಕೂ ಇರುವ ಅಂತರವನ್ನು ಕಂಪ್ಯೂಟರು ಸ್ಥಳಕ್ಕೆ ತಕ್ಕಂತೆ ತನ್ನ ಕೋಷ್ಟಕದಿಂದ ತೆಗೆದುಕೊಳ್ಳುತ್ತದೆ, ಸಿಡ್ನಿಯಲ್ಲಿ ಅದು ಸುಮಾರು 12 ಡಿಗ್ರಿ ಪೂರ್ವಕ್ಕಿದ್ದರೆ ಕೇಪ್‌ಟೌನ್ ಕಡೆ 20 ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಸ್ಥಾನ ತಪ್ಪಾದರೆ ದಿಕ್ಕೂ ತಪ್ಪುತ್ತದೆ.

ಮುಂದೆ ಸಿಬ್ಬಂದಿ ಮಾಡಿದ್ದು ಸಮಸ್ಯೆಯನ್ನು ಹೆಚ್ಚಿಸಿತು. ದೋಷ ಸರಿಪಡಿಸಲು ಪಥದರ್ಶಕ ಘಟಕಗಳ ಸ್ವಿಚ್ಚುಗಳನ್ನು ಆರಿಸಿ ನೋಡಿದರು. ಮನೆಯ ಕಂಪ್ಯೂಟರಿನಲ್ಲಿ ಫಲಿಸುವ ಈ ಉಪಾಯ ಆಕಾಶದಲ್ಲಿ ಫಲಿಸದು, ಏಕೆಂದರೆ ಪೂರ್ಣ ಅಲೈನ್‌ಮೆಂಟಿಗೆ ವಿಮಾನ ಅಲುಗದೆ ನಿಂತಿರಬೇಕು. ಪಥದರ್ಶನದ ಜೊತೆಗೆ ಹಾರಾಟ ನಿಯಂತ್ರಣದ ಕೆಲವು ವ್ಯವಸ್ಥೆಗಳೂ ಈ ಘಟಕಗಳನ್ನು ಅವಲಂಬಿಸಿರುವುದರಿಂದ ಅವೂ ಕುಂದಿದವು. ಕಣ್ಣಿನ ಅಳತೆಯಲ್ಲಿಯೇ ಇಳಿಯುವುದು ಉಳಿದಿದ್ದ ದಾರಿ. ಸಿಡ್ನಿಯಲ್ಲಿ ಮೋಡ ಕೆಳಗಿತ್ತು. ಮೆಲ್ಬರ್ನ್‌ನಲ್ಲಿ ಹವೆ ಅನುಕೂಲವಾಗಿತ್ತು. ನಿಯಂತ್ರಕರು ರೇಡಾರ್ ನೋಡಿ ಹೇಳಿದ ದಿಕ್ಕುಗಳನ್ನು ಅನುಸರಿಸಿ ಅವರು ಅಲ್ಲಿ ಸುರಕ್ಷಿತವಾಗಿ ಇಳಿದರು. ಸುಮಾರು ಮೂರು ಗಂಟೆಗಳ ಬಳಿಕ ಅದೇ ವಿಮಾನ ಕ್ವಾಲಾಲಂಪುರಕ್ಕೆ ಹೊರಟಿತು.

ಎಲ್ಲ ಪ್ರಕರಣಗಳೂ ಹೀಗೆ ನಗೆಯಲ್ಲಿ ಮುಗಿದಿಲ್ಲ. 1979ರ ನವೆಂಬರ್ 28ರಂದು ಅಂಟಾರ್ಕ್ಟಿಕಾ ವೀಕ್ಷಣೆಗೆ ಹೊರಟಿದ್ದ ಏರ್ ನ್ಯೂಜಿಲೆಂಡ್ ವಿಮಾನದ ಕಂಪ್ಯೂಟರಿನಲ್ಲಿ ಕೊನೆಯ ಗುರಿಯ ರೇಖಾಂಶವನ್ನು ಹಿಂದಿನ ರಾತ್ರಿ ತಿದ್ದಲಾಗಿತ್ತು. ಹಾರುವವರಿಗೆ ಮಾತ್ರ ಅದನ್ನು ತಿಳಿಸಿರಲಿಲ್ಲ. ಸಮುದ್ರದ ಮೇಲೆ ಇದ್ದೇವೆಂದುಕೊಂಡ ಅವರನ್ನು ಆ ಪಥ ಎರೆಬಸ್ ಪರ್ವತಕ್ಕೆ ಒಯ್ದಿತು. 257 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಪೀಟರ್ ಮಾಹನ್ ನೇತೃತ್ವದ ತನಿಖಾ ಆಯೋಗ 1981ರಲ್ಲಿ ಪೈಲಟ್‌ಗಳನ್ನು ದೋಷಮುಕ್ತಗೊಳಿಸಿ, ತಿಳಿಸದೆ ತಿದ್ದಿದ್ದೇ ಮುಖ್ಯ ಕಾರಣವೆಂದಿತು. ಸಿಡ್ನಿಯಲ್ಲಿ ಯಂತ್ರಕ್ಕೆ ತಾನೆಲ್ಲಿದ್ದೇನೆಂಬುದು ತಪ್ಪಾಗಿ ತಿಳಿದಿತ್ತು, ಎರೆಬಸ್‌ನಲ್ಲಿ ಯಂತ್ರಕ್ಕೆ ಎಲ್ಲವೂ ಸರಿಯಾಗಿ ತಿಳಿದಿದ್ದು ಮನುಷ್ಯರಿಗೆ ತಿಳಿದಿರಲಿಲ್ಲ. ಎರಡರಲ್ಲಿಯೂ ಕಂಪ್ಯೂಟರು ಕೆಟ್ಟಿರಲಿಲ್ಲ.

ಹೊಸ ವಿಮಾನಗಳು ಆರಂಭದ ಸ್ಥಾನವನ್ನು ಜಿಪಿಎಸ್‌ನಿಂದಲೇ ಪಡೆಯುವುದರಿಂದ ಸಿಡ್ನಿಯ ತಪ್ಪು ಅದೇ ರೂಪದಲ್ಲಿ ಮರುಕಳಿಸುವುದು ಕಷ್ಟ. ಆದರೆ 2023ರಿಂದ ಇರಾಕ್, ಇರಾನ್ ಸುತ್ತಲಿನ ವಾಯುಮಾರ್ಗಗಳಲ್ಲಿ ವಿಮಾನಗಳಿಗೆ ಸುಳ್ಳು ಜಿಪಿಎಸ್ ಸಂಕೇತಗಳು ತಗುಲಿದ ವರದಿಗಳು ಬರತೊಡಗಿ, ಅದೇ ವರ್ಷದ ನವೆಂಬರ್‌ನಲ್ಲಿ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಭಾರತೀಯ ಸಂಸ್ಥೆಗಳಿಗೆ ಈ ಬಗ್ಗೆ ಸುತ್ತೋಲೆ ಹೊರಡಿಸಿತು. ಬೆಂಗಳೂರಿನಿಂದ ಕೊಲ್ಲಿಯ ಕಡೆಗೋ ಯುರೋಪಿಗೋ ಹಾರುವವರಿಗೆ ಇದು ದೂರದ ಮಾತಲ್ಲ. ಜಡತ್ವದ ಲೆಕ್ಕವನ್ನು ಜಿಪಿಎಸ್ ಆಗಾಗ ತಿದ್ದುತ್ತಿರುವ ವಿಮಾನಗಳಲ್ಲಿ ಸುಳ್ಳು ಸಂಕೇತ ಆ ಲೆಕ್ಕವನ್ನೂ ಕೆಡಿಸಬಲ್ಲದು. ಆದ್ದರಿಂದ ಅಂತಹ ವಲಯವನ್ನು ಪ್ರವೇಶಿಸುವ ಮುನ್ನ ಜಿಪಿಎಸ್‌ನ ಮಾಹಿತಿಯನ್ನು ಬಳಕೆಯಿಂದ ತೆಗೆದು, ಜಡತ್ವದ ಘಟಕಗಳನ್ನೂ ನೆಲದ ರೇಡಿಯೊ ಕೇಂದ್ರಗಳನ್ನೂ ನೆಚ್ಚಿಕೊಂಡು ಹಾರುವ ವಿಧಾನವನ್ನು ಕೆಲವು ವಿಮಾನಗಳ ಸಿಬ್ಬಂದಿ ಈಗ ಅನುಸರಿಸುತ್ತಾರೆ.