ಕೊಕ್ಕು ಬೆಳೀಲಿಲ್ಲ, ಗುಡ್ಡ ಮಾತ್ರ ಸರೀತು

ಪ್ರಶ್ನೆ: ಸರ್, ಪೆಸಿಫಿಕ್ ಸಾಗರದ ಗಲಾಪಗಸ್ ದ್ವೀಪಗಳ ಫಿಂಚ್ ಅನ್ನೋ ಪುಟ್ಟ ಹಕ್ಕಿಗಳ ಕೊಕ್ಕಿನ ದಪ್ಪದ ಬಗ್ಗೆ ಕ್ಲಾಸಲ್ಲಿ ಎರಡು ಹಿಸ್ಟೋಗ್ರಾಮ್ (ಯಾವ ಅಳತೆಯವು ಎಷ್ಟಿವೆ ಅಂತ ಕಂಬಗಳಲ್ಲಿ ತೋರಿಸೋ ಗ್ರಾಫ್) ತೋರಿಸಿದ್ರು, ಒಂದು 1976ರದ್ದು, ಇನ್ನೊಂದು 1978ರದ್ದು. ಎರಡನೇದ್ರಲ್ಲಿ ಕಂಬಗಳೆಲ್ಲಾ ಸೇರಿ ಆಗೋ ಗುಡ್ಡ ಬಲಕ್ಕೆ, ಅಂದ್ರೆ ದಪ್ಪ ಕೊಕ್ಕಿನ ಕಡೆಗೆ ಸರಿದಿದೆ. ಬರಗಾಲದಲ್ಲಿ ಹಕ್ಕಿಗಳ ಕೊಕ್ಕು ದಪ್ಪ ಆಯ್ತಾ? ಆಮೇಲೆ ಕಂಬಗಳ ಮಧ್ಯೆ ಗ್ಯಾಪ್ ಯಾಕಿಲ್ಲ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ಹಾಸನ

ಉತ್ತರ: ಗ್ಯಾಪ್ ವಿಷ್ಯ ಸುಲಭ ಕಣಮ್ಮ. ಕೊಕ್ಕಿನ ದಪ್ಪ 9 ಮಿಲಿಮೀಟರ್ ಇರಬಹುದು, 9.2 ಇರಬಹುದು, ನಡುವೆ ಯಾವ ಅಳತೆ ಬೇಕಾದ್ರೂ ಇರಬಹುದು, ಅದಕ್ಕೇ ಕಂಬಗಳು ಒಂದಕ್ಕೊಂದು ಅಂಟಿಕೊಂಡೇ ನಿಲ್ಲುತ್ವೆ.

ಇನ್ನು ಕೊಕ್ಕು. ಯಾವ ಹಕ್ಕಿದೂ ದಪ್ಪ ಆಗ್ಲಿಲ್ಲ! ಗಲಾಪಗಸ್‌ನ ಡ್ಯಾಫ್ನೆ ಮೇಜರ್ ಅನ್ನೋ ಪುಟ್ಟ ದ್ವೀಪದಲ್ಲಿ ಪೀಟರ್ ಗ್ರಾಂಟ್, ರೋಸ್‌ಮರಿ ಗ್ರಾಂಟ್ ಅನ್ನೋ ವಿಜ್ಞಾನಿ ದಂಪತಿ 1973ರಿಂದ ಹಕ್ಕಿ ಹಿಡಿದು, ಕಾಲಿಗೆ ರಿಂಗ್ ಹಾಕಿ, ಕೊಕ್ಕು ಅಳೆದು ಬಿಡ್ತಿದ್ರು, ಹಾಗಾಗಿ ಯಾವ ಹಕ್ಕಿ ಉಳೀತು ಯಾವುದು ಹೋಯ್ತು ಅಂತ ಲೆಕ್ಕ ಸಿಗ್ತಿತ್ತು. 1977ರಲ್ಲಿ ಮಳೆ ಕೈಕೊಡ್ತು, ಮೆತ್ತನೆ ಸಣ್ಣ ಬೀಜ ಎಲ್ಲಾ ಖಾಲಿ, ಉಳಿದಿದ್ದು ಜಾಸ್ತಿ ಟ್ರಿಬ್ಯುಲಸ್ ಕಾಯಿ, ನಮ್ಮ ಹೊಲದ ಬದೂಲಿ ಕಾಲಿಗೆ ಚುಚ್ಚುತ್ತಲ್ಲ ನೆಗ್ಗಿಲು ಮುಳ್ಳು, ಅದರದೇ ಕುಲ. ಅದನ್ನ ಒಡೆಯೋಕೆ ದಪ್ಪ ಕೊಕ್ಕೇ ಬೇಕು. ತೆಳು ಕೊಕ್ಕಿನವು ಹೆಚ್ಚಾಗಿ ಹಸಿವಿಂದ ಸತ್ವು, ಒಟ್ಟು ಮೀಡಿಯಂ ಗ್ರೌಂಡ್ ಫಿಂಚ್‌ಗಳಲ್ಲಿ (ನಿನ್ನ ಗ್ರಾಫಿನ ಹಕ್ಕಿ ಜಾತಿ ಇದೇ) ನೂರಕ್ಕೆ 80ಕ್ಕಿಂತ ಹೆಚ್ಚು ಹೋದ್ವು. ಅಂದ್ರೆ ಎಡಗಡೆ ಕಂಬಗಳು ಖಾಲಿಯಾದ್ವು, ಅದಕ್ಕೇ ಗುಡ್ಡ ಸರಿದ ಹಾಗೆ ಕಾಣುತ್ತೆ, ಸರಾಸರಿ ಸರಿದಿದ್ದು ಬರೀ ಅರ್ಧ ಮಿಲಿಮೀಟರ್ ಆಸುಪಾಸು.

ಗ್ರಾಫ್ ನೋಡುವಾಗ ಮೊದ್ಲು ಎಡಗಡೆಯ ನಿಂತ ಗೆರೆ ಓದು. ಅಲ್ಲಿ ಹಕ್ಕಿಗಳ ಸಂಖ್ಯೆ ಇದ್ರೆ 1978ರ ಕಂಬಗಳೆಲ್ಲಾ ಕುಳ್ಳಾಗೇ ಇರುತ್ವೆ, ಇದ್ದಿದ್ದೇ ಕಮ್ಮಿ ಹಕ್ಕಿ. ಆಕಾರ ಹೋಲಿಸ್ಬೇಕು ಅಂದ್ರೆ ಶೇಕಡಾಕ್ಕೆ ಬದಲಾಯಿಸ್ಕೋ. ಕಂಬದ ಅಗಲನೂ ಎರಡರಲ್ಲೂ ಒಂದೇ ಇರ್ಲಿ, ಇಲ್ಲಾಂದ್ರೆ ಒಂದೇ ಡೇಟಾ ಬೇರೆ ಬೇರೆ ಗುಡ್ಡದ ಥರ ಕಾಣುತ್ತೆ.

ನಿಮ್ಮ ಮೇಷ್ಟ್ರನ್ನ ಮೂರನೇ ಹಿಸ್ಟೋಗ್ರಾಮ್ ಕೇಳು, ಬರದ ಮೇಲೆ ಹುಟ್ಟಿದ ಮರಿಗಳದ್ದು. ಬದುಕಿದವುಗಳ ಗ್ರಾಫ್ ಸರಿದ್ರೆ ಅದು ಬರೀ ಆಯ್ಕೆ, ಅಂದ್ರೆ ಕೆಲವು ಉಳಿದು ಕೆಲವು ಹೋದ್ವು ಅಷ್ಟೇ; ಮರಿಗಳದ್ದೂ ಸರಿದ್ರೆ ವಿಕಾಸ, ಅಂದ್ರೆ ಮುಂದಿನ ಪೀಳಿಗೆನೇ ಬದಲಾಯ್ತು, ಈ ವ್ಯತ್ಯಾಸ ಬಹಳ ಜನ ಗಮನಿಸೋದೇ ಇಲ್ಲ. ಕೊಕ್ಕಿನ ದಪ್ಪ ಅಪ್ಪ-ಅಮ್ಮನಿಂದ ಬರೋದ್ರಿಂದ ಮರಿಗಳ ಕೊಕ್ಕೂ ದಪ್ಪಾನೇ ಇತ್ತು. ಆದ್ರೆ 1983ರಲ್ಲಿ ಎಲ್ ನಿನೋ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವಾಮಾನ ಏರುಪೇರಾಗೋದು) ಮಳೆ ಜೋರಾಗಿ ಬಂದು ಸಣ್ಣ ಬೀಜ ಎಲ್ಲೆಲ್ಲೂ ಆದ್ಮೇಲೆ ಲಾಭ ಸಣ್ಣ ಕೊಕ್ಕಿನವಕ್ಕಾಯ್ತು, ಗುಡ್ಡ ತಿರುಗಾ ಎಡಕ್ಕೆ ಹೊರಡ್ತು.