ಜ್ವರಕ್ಕೆ ಮಂಗಳೂರು, ನ್ಯಾಯಕ್ಕೆ ಎರ್ನಾಕುಳಂ

ನೀವು ಕೇಳಿದ್ದು ಎರಡೇ ಸಾಲು. 2017ರಲ್ಲಿ ಕಾಸರಗೋಡಿನಲ್ಲಿ ಕೊಲೆಯಾದ ಮದ್ರಸ ಶಿಕ್ಷಕ ರಿಯಾಸ್ ಮೌಲವಿ ಕೇಸಿನಲ್ಲಿ ಎಲ್ಲರೂ ಬಿಡುಗಡೆ ಆದರಂತೆ, ಹಾಗಾದರೆ ಕೊಂದವರು ಯಾರು? ಸತ್ತವರು ಕೊಡಗಿನವರಾಗಿದ್ದರೂ ಬೆಂಗಳೂರಲ್ಲಿ ಯಾರೂ ಯಾಕೆ ಮಾತಾಡಲಿಲ್ಲ? ಮೊದಲನೆಯದಕ್ಕೆ ಉತ್ತರ ಸಿಗದೇ ಇರುವುದೇ ಇಲ್ಲಿಯ ಸಂಕಟ. ಎರಡನೆಯದಕ್ಕೆ ಸ್ವಲ್ಪ ಉದ್ದಕ್ಕೆ ಹೇಳಬೇಕು. ನಮ್ಮ ಊರು ಹೇಗೆ ಕೂತಿದೆ ಅಂತ ಗೊತ್ತಿಲ್ಲದಿದ್ದರೆ ಅದು ತಲೆಗೆ ಹೋಗುವುದಿಲ್ಲ.

ನಾವು ಕಾಸರಗೋಡಿನವರು. 1956ರಲ್ಲಿ ರಾಜ್ಯಗಳನ್ನು ಹಂಚುವಾಗ ಕೇರಳಕ್ಕೆ ಹೋದವರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಹೇಳಿತು, ಅದು ಕಾಗದದಲ್ಲೇ ಉಳಿಯಿತು, ಆ ಕಥೆ ನಿಮಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲದೆ ಇರುವುದು ದಿನದ ಬದುಕು. ಮನೆಯಲ್ಲಿ ತುಳುವೋ ಕನ್ನಡವೋ, ಪಕ್ಕದ ಮನೆಯಲ್ಲಿ ಬ್ಯಾರಿ ಭಾಷೆ, ಬಸ್ಸಿನಲ್ಲಿ ಮಲಯಾಳ. ಮಂಗಳೂರು ಐವತ್ತು ಕಿಲೋಮೀಟರ್. ಜ್ವರ ಜಾಸ್ತಿ ಆದರೆ ಮಂಗಳೂರು, ಮದುವೆ ಸೀರೆಗೆ ಮಂಗಳೂರು, ಮಕ್ಕಳ ಕಾಲೇಜಿಗೂ ಮಂಗಳೂರು. 2020ರ ಲಾಕ್‌ಡೌನಿನಲ್ಲಿ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಸ್ಪತ್ರೆ ತಲುಪಲಾಗದೆ ನಮ್ಮ ಕಡೆಯ ರೋಗಿಗಳು ಸತ್ತೇ ಹೋದರು. ಆದರೆ ಪೊಲೀಸ್ ಠಾಣೆ, ಕೋರ್ಟು, ಕಚೇರಿ ಅಂತ ಬಂದರೆ ತಿರುಗಬೇಕಾದದ್ದು ದಕ್ಷಿಣಕ್ಕೆ. ಹೈಕೋರ್ಟ್ ಇರುವುದು ಎರ್ನಾಕುಳಂನಲ್ಲಿ, ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಮಲಬಾರ್ ಅಥವಾ ಮಾವೇಲಿ ರೈಲು ಹತ್ತಿ ರಾತ್ರಿಯೆಲ್ಲ ಕೂತು ಹೋಗಬೇಕು.

ಈಗ ಚೂರಿಗೆ ಬರುತ್ತೇನೆ. ಹೌದು, ಊರಿನ ಹೆಸರೇ ಚೂರಿ. ಕನ್ನಡ ಬಲ್ಲವರಿಗೆ ಕೇಳಿದ ಕೂಡಲೇ ಏನೋ ಒಂಥರಾ ಆಗುತ್ತದೆ, ನಮಗೆ ಮಾತ್ರ ಅದು ಬಸ್ಸಿನ ಬೋರ್ಡಿನಲ್ಲಿ ಇರುವ ಒಂದು ಹೆಸರು ಅಷ್ಟೇ. ಕಾಸರಗೋಡು ಪೇಟೆಯಿಂದ ಮಧೂರು ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಅಲ್ಲಿಯ ಗಣಪತಿಗೆ ಅಪ್ಪದ (ಸಿಹಿ ತಿಂಡಿಯ) ಸೇವೆ ಮಾಡಿಸಲು ಇಲ್ಲಿಂದ ಹೋಗುವ ಎಲ್ಲರೂ ಚೂರಿ ದಾಟಿಯೇ ಹೋಗುತ್ತಾರೆ. ಚೂರಿಯ ಹಳೆಯ ಪಳ್ಳಿಯ, ಅಂದರೆ ಮಸೀದಿಯ, ಮದ್ರಸದಲ್ಲಿ ಮಕ್ಕಳಿಗೆ ಓದಿಸುತ್ತಿದ್ದವರು ರಿಯಾಸ್ ಮೌಲವಿ. ನಮ್ಮ ಕಡೆ ಇಂಥವರನ್ನು ಉಸ್ತಾದ್ ಅಂತ ಕರೆಯುವುದು. ಕೊಡಗು, ಸುಳ್ಯ, ಪುತ್ತೂರಿನಿಂದ ಉಸ್ತಾದರು ಇಲ್ಲಿಯ ಪಳ್ಳಿಗಳಿಗೆ ಬರುತ್ತಾರೆ, ಇಲ್ಲಿಯವರು ಅಲ್ಲಿಗೆ ಹೋಗುತ್ತಾರೆ. ಅದಕ್ಕೆ ರಾಜ್ಯದ ಗಡಿ ಯಾರೂ ನೋಡಿದ್ದಿಲ್ಲ. ಹೆಂಡತಿ ಮಕ್ಕಳು ಊರಲ್ಲಿ, ಇವರು ಪಳ್ಳಿಯ ಪಕ್ಕದ ಒಂದು ಕೋಣೆಯಲ್ಲಿ, ರಜೆಗೆ ಮನೆಗೆ. ಹೀಗೇ ನಡೆಯುವುದು.

2017ರ ಮಾರ್ಚ್ 20ರ ನಡುರಾತ್ರಿ ಆ ಕೋಣೆಗೆ ನುಗ್ಗಿ ಅವರನ್ನು ಇರಿದು ಕೊಂದರು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಖತೀಬರು (ಪಳ್ಳಿಯಲ್ಲಿ ಶುಕ್ರವಾರದ ಪ್ರವಚನ ಕೊಡುವವರು) ಸದ್ದು ಕೇಳಿ ಬಾಗಿಲು ತೆಗೆದರೆ ಕಲ್ಲು ತೂರಿದರು. ಅವರು ಪಳ್ಳಿಯ ಮೈಕಿನಲ್ಲಿ ಕೂಗಿ ಊರನ್ನು ಎಬ್ಬಿಸಿದರು. ಬಾಂಗು ಕೇಳಿ ಬರುವ ಮೈಕಿನಿಂದ ಆ ಹೊತ್ತಿನಲ್ಲಿ ಆ ದನಿ. ಬೆಳಿಗ್ಗೆ ಹರತಾಳ, ಅಂಗಡಿ ಮುಚ್ಚಿದ್ದು, ಮಕ್ಕಳನ್ನು ಶಾಲೆಗೆ ಕಳಿಸದೆ ಇದ್ದದ್ದು, ಬೈಕಿನಲ್ಲಿ ಹೋದ ಮಗ ಮನೆ ಸೇರುವವರೆಗೆ ಅಮ್ಮಂದಿರು ಜಗಲಿಯಲ್ಲಿ ಕೂತದ್ದು, ಇದೆಲ್ಲ ನಮಗೆ ಹೊಸತಲ್ಲ ಅನ್ನುವುದೇ ಬೇಸರ. ಕಾಸರಗೋಡಿನಲ್ಲಿ ಕೋಮು ಹೆಸರಿನ ಕೊಲೆಗಳು ಮೊದಲೂ ಆಗಿದ್ದವು, ಸತ್ತವರು ಎರಡೂ ಕಡೆಯವರು. ಆದರೆ ಯಾವ ಜಗಳದಲ್ಲೂ ಇಲ್ಲದ, ಬೇರೆ ಊರಿಂದ ಬಂದ, ಮಕ್ಕಳಿಗೆ ಓದಿಸುವ ಒಬ್ಬ ಬಡ ಉಸ್ತಾದರನ್ನು ಮಲಗುವ ಕೋಣೆಗೆ ಹೋಗಿ ಕೊಂದದ್ದು ಎಲ್ಲರನ್ನೂ ನಡುಗಿಸಿತು. ಊರೇ ಉರಿಯುತ್ತದೆ ಅಂತ ಹೆದರಿದ್ದೆವು. ಉರಿಯಲಿಲ್ಲ. ಅದಕ್ಕೆ ಒಂದು ಕಾರಣ ಪೊಲೀಸರು ಬೇಗ ಕೈ ಹಾಕಿದ್ದು: ಕೆಲವೇ ದಿನದಲ್ಲಿ ಮೂವರು ಯುವಕರನ್ನು ಹಿಡಿದರು. ತೊಂಬತ್ತು ದಿನದೊಳಗೆ ಚಾರ್ಜ್‌ಶೀಟ್ ಹಾಕಿದರು. ಆ ಮೂವರಿಗೆ ಜಾಮೀನೇ ಸಿಗಲಿಲ್ಲ, ಏಳು ವರ್ಷ ಒಳಗೇ ಇದ್ದರು.

ಈ ಏಳು ವರ್ಷವನ್ನು ಮಡಿಕೇರಿ ಕಡೆಯಿಂದ ನೋಡಿ. ಘಟ್ಟ ಇಳಿದು ಸಂಪಾಜೆ, ಸುಳ್ಯ, ಜಾಲ್ಸೂರು, ಆಮೇಲೆ ಗಡಿ ದಾಟಿ ಮುಳ್ಳೇರಿಯಾ, ಚೆರ್ಕಳ, ಕಾಸರಗೋಡು. ಒಂದು ವಿಚಾರಣೆಗೆ ಬಂದು ಹೋಗಲು ಒಂದು ದಿನ ಪೂರ್ತಿ. ಇನ್ನು ಕಾಗದದ ಭಾಷೆ. ಠಾಣೆಯಿಂದ ಬರುವುದು ಹೆಚ್ಚಾಗಿ ಮಲಯಾಳದಲ್ಲಿ. ಇಲ್ಲಿಯ ಕನ್ನಡಿಗರಾದ ನಮಗೇ ಅದನ್ನು ಓದಿ ಹೇಳಲು ಯಾರಾದರೂ ಬೇಕು. ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಉಂಟು, ಅದಕ್ಕೆ ಉತ್ತರವೂ ಕನ್ನಡದಲ್ಲೇ ಬಂದರೆ ಆ ದಿನ ಹಬ್ಬ.

ನಿಮಗೆ ಸುದ್ದಿ ಯಾಕೆ ತಲುಪಲಿಲ್ಲ ಅಂದರೆ, ಕನ್ನಡ ಪತ್ರಿಕೆಯ ಕಾಸರಗೋಡು ಪುಟ ಕಾಸರಗೋಡಿನಲ್ಲಿ ಮಾತ್ರ ಬರುತ್ತದೆ. ಟಿವಿಯವರಿಗೆ ಇದು ಕೇರಳದ ಕೇಸು. ಕೇರಳದವರಿಗೆ ಇದು ವಡಕ್ಕಿನ, ಅಂದರೆ ಉತ್ತರದ ತುದಿಯ ಕೇಸು. ಸತ್ತವರು ಕರ್ನಾಟಕದ ಮತದಾರ, ಕೊಲೆ ಆದದ್ದು ಕೇರಳದ ನೆಲದಲ್ಲಿ. ಎರಡೂ ಕಡೆ ಯಾರಿಗೂ ಪೂರ್ತಿ ನಮ್ಮವ ಅನಿಸಲಿಲ್ಲ. ಚೂರಿಯವರು, ಪಳ್ಳಿ ಕಮಿಟಿಯವರು ಕುಟುಂಬದ ಜೊತೆ ನಿಂತರು, ಅದನ್ನು ಹೇಳಲೇಬೇಕು.

2024ರ ಮಾರ್ಚ್ 30. ಕಾಸರಗೋಡು ಜಿಲ್ಲಾ ಸೆಷನ್ಸ್ ಕೋರ್ಟು ಮೂವರನ್ನೂ ಬಿಡುಗಡೆ ಮಾಡಿತು. 97 ಸಾಕ್ಷಿಗಳು, ಡಿಎನ್‌ಎ ವರದಿ, ಎಲ್ಲ ಇತ್ತು. ತನಿಖೆ ಏಕಪಕ್ಷೀಯವಾಗಿತ್ತು, ಕೊಲೆಯ ಉದ್ದೇಶ ಏನೆಂದು ಸಾಬೀತಾಗಿಲ್ಲ ಎಂದು ಕೋರ್ಟು ಹೇಳಿತು. ಸತ್ತವರ ಕೋಣೆಯಲ್ಲಿ ಸಿಕ್ಕಿದ ಫೋನು, ಸಿಮ್ಮುಗಳನ್ನು ಸರಿಯಾಗಿ ಪರಿಶೀಲಿಸಲೇ ಇಲ್ಲ ಎಂದೂ ಹೇಳಿತು. ಹೊರಗೆ ರಿಯಾಸ್ ಮೌಲವಿಯವರ ಹೆಂಡತಿ ಅಳುತ್ತಾ ನಿಂತಿದ್ದರು.

ಇಲ್ಲಿ ಸ್ವಲ್ಪ ನಿಲ್ಲಿ. ಬಿಡುಗಡೆ ಆದವರು ಕಾನೂನಿನ ಪ್ರಕಾರ ಈಗ ನಿರಪರಾಧಿಗಳು, ಅವರನ್ನು ನಾನು ಕೊಲೆಗಾರರು ಅನ್ನುವಂತಿಲ್ಲ, ನೀವೂ ಅನ್ನಬೇಡಿ. ಅವರು ಮಾಡಿದ್ದಲ್ಲದಿದ್ದರೆ ಏಳು ವರ್ಷದ ಲೆಕ್ಕ ಅವರ ಮನೆಯವರಿಗೂ ಯಾರೋ ಕೊಡಬೇಕು ಅಲ್ವಾ? ಆದರೆ ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ ಇದೆ. ಬಿಡುಗಡೆ ಆಯಿತು ಅಂದ ಮಾತ್ರಕ್ಕೆ ಪೊಲೀಸರು ಮರುದಿನ ಬೇರೆಯವರನ್ನು ಹುಡುಕಲು ಹೊರಡುವುದಿಲ್ಲ. ಸರ್ಕಾರ ಹೈಕೋರ್ಟಿಗೆ ಅಪೀಲು ಹಾಕುತ್ತದೆ, ಇಲ್ಲೂ ಹಾಕಿತು. ಅಪೀಲು ಅಂದರೆ ಅದೇ ಮೂರು ಹೆಸರು, ಅದೇ ಸಾಕ್ಷಿ, ಅದೇ ಕಾಗದ, ಇನ್ನೊಬ್ಬರು ಓದುವುದು. ಹಾಗಾದರೆ ಯಾರು ಅನ್ನುವ ಪ್ರಶ್ನೆ ಯಾವ ಕಚೇರಿಯ ಮೇಜಿನ ಮೇಲೂ ಇಲ್ಲ. ಅದು ಇರುವುದು ಕೊಡಗಿನ ಆ ಮನೆಯಲ್ಲಿ ಮಾತ್ರ.

ಇದೊಂದೇ ಆಗಿದ್ದರೆ ಗ್ರಹಚಾರ ಅನ್ನಬಹುದಿತ್ತು. ಇದಕ್ಕಿಂತ ಏಳು ವರ್ಷ ಮೊದಲು, 2010ರ ಫೆಬ್ರವರಿ 15ರ ಬೆಳಿಗ್ಗೆ, ಕಾಸರಗೋಡಿನ ಹತ್ತಿರದ ಚೆಂಬರಿಕದ ಕಡಲಿನಲ್ಲಿ ಸಿ.ಎಂ. ಅಬ್ದುಲ್ಲ ಮೌಲವಿಯವರ ಶವ ಸಿಕ್ಕಿತು. ಅವರು ಚೆಂಬರಿಕದ ಖಾಝಿ, ಮಂಗಳೂರಿಗೂ ಅವರೇ ಖಾಝಿ. ಅಂದರೆ ಗಡಿಯ ಎರಡೂ ಬದಿಯವರು ಕೇಳಿ ನಡೆಯುತ್ತಿದ್ದ ಹಿರಿಯರು. ದಿಕ್ಕು, ಚಂದ್ರ, ನಕ್ಷತ್ರಗಳ ಲೆಕ್ಕದಲ್ಲಿ ದೊಡ್ಡ ಪಂಡಿತರು. ಎಪ್ಪತ್ತು ದಾಟಿತ್ತು. ಅವರ ಚಪ್ಪಲಿ, ಊರುಗೋಲು ಬಂಡೆಯ ಮೇಲೆ ಇದ್ದವು. ಇಷ್ಟು ವಯಸ್ಸಾದವರು ರಾತ್ರಿ ಒಬ್ಬರೇ ಆ ಬಂಡೆ ಹತ್ತಿದರೇ ಅಂತ ಮನೆಯವರು ಅವತ್ತಿನಿಂದ ಕೇಳುತ್ತಿದ್ದಾರೆ. ಕೇಸು ಸಿಬಿಐಗೆ ಹೋಯಿತು. ಸಿಬಿಐ ಆತ್ಮಹತ್ಯೆ ಅಂದಿತು. ಕೋರ್ಟು ಆ ವರದಿ ಒಪ್ಪಲಿಲ್ಲ, ಮತ್ತೆ ತನಿಖೆ ಮಾಡಿ ಅಂದಿತು. ಒಬ್ಬ ಧರ್ಮಗುರುವಿನ ಮೇಲೆ ಆತ್ಮಹತ್ಯೆ ಅನ್ನುವ ಮಾತು ಬಂದರೆ ಅದು ಸಾವಿಗಿಂತ ಭಾರ. ಅದಕ್ಕೇ ಮನೆಯವರು ಬಿಟ್ಟು ಕೊಡಲಿಲ್ಲ. ಹೋರಾಟ ಸಮಿತಿ ಕಾಸರಗೋಡಿನಲ್ಲಿ ಚಪ್ಪರ ಹಾಕಿ ತಿಂಗಳುಗಟ್ಟಲೆ ಕೂತಿತು. ಮೊದಲು ಎಲ್ಲರೂ ಬಂದರು, ಭಾಷಣ ಮಾಡಿದರು. ಆಮೇಲೆ ಚುನಾವಣೆ ಹತ್ತಿರ ಬಂದಾಗ ಮಾತ್ರ ಬಂದರು. ಆ ಫೈಲೂ ತಿರುಗಿದ್ದು ಎರ್ನಾಕುಳಂ ಕಡೆಗೇ.

ನೀವು ಮಧೂರಿಗೆ ಬರುತ್ತೇನೆ ಅಂದಿದ್ದಿರಿ. ಬನ್ನಿ, ಮನೆಗೇ ಬನ್ನಿ, ಸಂಜೆ ಯಕ್ಷಗಾನ ಇದ್ದರೆ ನೋಡೋಣ. ಚೂರಿಯಲ್ಲಿ ಬಸ್ಸು ನಿಂತಾಗ ಹೆಸರಿಗೆ ನಗಬೇಡಿ ಅಷ್ಟೇ. ನಮ್ಮ ಮನೆಯ ಹತ್ತಿರದ ಪಳ್ಳಿಯ ಉಸ್ತಾದರು ಸುಳ್ಯದ ಕಡೆಯವರು, ಒಳ್ಳೆ ಕನ್ನಡ ಮಾತಾಡುತ್ತಾರೆ. 2017ರ ಆ ವಾರವೇ ಅವರ ಕೋಣೆಗೆ ಕಮಿಟಿಯವರು ಕಬ್ಬಿಣದ ಗ್ರಿಲ್ ಹಾಕಿಸಿದರು. ಮೇ ತಿಂಗಳ ಸೆಕೆಯಲ್ಲೂ ಅವರು ಒಳಗಿನಿಂದ ಬೀಗ ಹಾಕಿಯೇ ಮಲಗುವುದು.